ರಾಮಾಂಜಿನಿಯ ಟಿವಿ ಗೇಮು

ಸತ್ಯನಾರಾಯಣಪೇಟೆ, ಬಳ್ಳಾರಿ
ಭಾನುವಾರ, 17-8-2025

ಗೆಳೆಯ ಎರ್ರಣ್ಣನಿಗೆ,

ನಿನ್ನ ಜೋಗಪ್ಪನ ನಮಸ್ಕಾರ. ನಾವು ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ನನ್ನಾಕೆ ಈರಮ್ಮನ ಮಂಡಿನೋವು, ನನ್ನ ಕಣ್ಣಿನ ಪೊರೆ ಎರಡನ್ನು ಬಿಟ್ಟರೆ ಅದು ನಿಜವೂ ಹೌದು. ನಿನ್ನ ಮಗ ರಾಮಾಂಜಿನಿ ನನ್ನ ರಿಪೇರಿ ಅಂಗಡಿಗೆ ಬಂದು, 'ಅಪ್ಪಗ ಒಂದು ಮಾತು ಹೇಳ್ರಿ ಮಾಮಾ' ಎಂದು ಕೇಳಿಕೊಂಡು ಹೋಗಿ ಹನ್ನೆರಡು ದಿನವಾಯಿತು. ಮೂರು ಸಲ ಬರೆದೆ, ಮೂರು ಸಲವೂ ಹರಿದು ಹಾಕಿದೆ. ತಡವಾದದ್ದಕ್ಕೆ ಬೈಯಬೇಕೆನಿಸಿದರೆ ಬೈದುಬಿಡು, ಆದರೆ ತೆಲುಗಿನಲ್ಲೇ ಬೈ. ನೀನು ಕನ್ನಡದಲ್ಲಿ ಬೈದರೆ ನಿನಗೆ ನಿಜವಾಗಿ ಸಿಟ್ಟು ಬಂದಿದೆ ಅಂತ ನನಗೆ ಅನ್ನಿಸುವುದೇ ಇಲ್ಲ.

ಫೋನು ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀ. ನಿನ್ನ ಕಿವಿ ಮಂದವಾದ ಮೇಲೆ ನಿಮ್ಮ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಇಡುತ್ತಾರೆ. ನಾನು ಇಲ್ಲಿ ಕೆಮ್ಮಿದರೆ ದೇಶನೂರಿನ ಅರ್ಧ ಓಣಿಗೆ ಕೇಳಿಸುತ್ತದೆ. ಈ ಕಾಗದವನ್ನು ನೀನೊಬ್ಬನೇ ಓದು. ಅಕ್ಷರ ಕಾಣಿಸಲಿಲ್ಲ ಅಂತ ಮೊಮ್ಮಗಳು ಪೂಜಿತಾಳ ಕೈಗೆ ಕೊಡಬೇಡ.

ವಿಷಯ ನಿನಗೆ ಗೊತ್ತೇ ಇದೆ. ಆ ಹುಡುಗಿಯ ಹುಟ್ಟುಹಬ್ಬಕ್ಕೆ ರಾಮಾಂಜಿನಿ ಒಂದು ಟಿವಿ ಗೇಮು ತರಿಸಿದ. ಅದು ಮನೆಯೊಳಗೆ ಇದ್ದರೆ ನಾನು ಹೊರಗೆ ಎಂದು ನೀನು ಎದ್ದು ಹೊಲಕ್ಕೆ ಹೋಗಿ ಕೂತೆಯಂತೆ. ಹುಡುಗಿ ಅತ್ತು ಅತ್ತು ಉಣ್ಣದೆ ಮಲಗಿದಳಂತೆ. ಕೊನೆಗೆ ಅವನು ಆ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಬಳ್ಳಾರಿಯ ಬಸ್ಸು ಹತ್ತಿದ. 'ನಿಮ್ಮ ಮಾತು ಒಂದೇ ಕೇಳ್ತಾನ್ರಿ ಅಪ್ಪ. ಕೂಸಿಗೆ ಆಡಾಕ ಬಿಡು ಅಂತ ನೀವ ಹೇಳ್ರಿ' ಎಂದ. ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಸಾಮಾನಿನ ಚೆಂದ ಕೇಳು. ನೋಡಲು ಥೇಟ್ ಹಳೆಯದೇ. ಅದೇ ಬಿಳಿ ಮೈ, ಅದೇ ಕೆಂಪು ಪಟ್ಟಿ, ಆದರೆ ಅಂಗೈಯಷ್ಟು ಸಣ್ಣದು. ಅಂದು ಆಡಿದ ಹುಡುಗರು ಇಂದು ಅಪ್ಪಂದಿರಾಗಿದ್ದಾರಲ್ಲ, ಹಳೆಯದನ್ನೇ ಹೊಸದಾಗಿ ಮಾಡಿ ಅವರಿಗೆ ಮಾರುತ್ತಿದ್ದಾರೆ. ಕ್ಯಾಸೆಟ್ಟು ಹಾಕುವ ಮುಚ್ಚಳ ಇದೆ, ತೆರೆದರೆ ಒಳಗೆ ಏನೂ ಇಲ್ಲ, ಬರೀ ತೋರಿಕೆ. ಆಟಗಳನ್ನೆಲ್ಲ ಒಳಗೇ ತುಂಬಿಟ್ಟಿದ್ದಾರೆ. ಕ್ಯಾಸೆಟ್ಟೇ ಇಲ್ಲ ಅಂದಮೇಲೆ ಊದುವುದು ಎಲ್ಲಿಂದ ಬಂತು? ಆಗ ಹುಡುಗರು ಹಳದಿ ಕ್ಯಾಸೆಟ್ಟನ್ನು ಊದಿ ಊದಿ ಕೆಡಿಸಿಕೊಂಡು ನನ್ನ ಹತ್ತಿರ ತರುತ್ತಿದ್ದರು. 'ಊದಬ್ಯಾಡ್ರಲೇ, ಎಂಜಲು ಹತ್ತಿ ಪಿನ್ನು ತುಕ್ಕು ಹಿಡೀತಾವ' ಅಂತ ಬಾಯಿ ನೋಯುವಷ್ಟು ಹೇಳಿದೆ, ಒಬ್ಬನೂ ಕೇಳಲಿಲ್ಲ.

ಇನ್ನೊಂದು ಸೌಕರ್ಯ ಇದೆ ಇದರಲ್ಲಿ. ಆಟ ನಡುವೆ ಬಿಟ್ಟು ಎದ್ದರೂ ನೆನಪಿಟ್ಟುಕೊಂಡು ಅಲ್ಲಿಂದಲೇ ಶುರು ಮಾಡುತ್ತದೆ. ಹಳೆಯದಕ್ಕೆ ಆ ಬುದ್ಧಿ ಇರಲಿಲ್ಲ. ಹುಡುಗರು ಊಟಕ್ಕೆ ಹೋಗುವಾಗ ಟಿವಿ ಮಾತ್ರ ಆರಿಸಿ, ಡಬ್ಬಿಯನ್ನು ಚಾಲೂ ಬಿಟ್ಟು, ಅವ್ವನಿಗೆ ಕಾಣಬಾರದು ಅಂತ ಮೇಲೊಂದು ಟವೆಲು ಮುಚ್ಚುತ್ತಿದ್ದರು. ಅವ್ವ ಕಂಡು ಸ್ವಿಚ್ಚು ಆರಿಸಿದರೆ ಮನೆಯಲ್ಲಿ ಕುರುಕ್ಷೇತ್ರ, ಕಾಣದಿದ್ದರೆ ಅಡಾಪ್ಟರು ಕಾದು ಸುಟ್ಟು ನನಗೆ ಕೆಲಸ. ನಿನ್ನ ಮಗ ಟವೆಲು ಮುಚ್ಚುವುದರಲ್ಲಿ ಎತ್ತಿದ ಕೈ.

ನಿಮ್ಮ ಹಳೆಯ ಟಿವಿಗೆ ಇದರ ಚಪ್ಪಟೆ ಪಿನ್ನು ಹೋಗುವುದಿಲ್ಲ. ನಡುವೆ ಹಾಕುವ ಸಣ್ಣ ಡಬ್ಬಿಯೊಂದನ್ನು ಹುಡುಕಿ ಕೊಟ್ಟೆ. ಸರಿಯಿದೆಯೋ ನೋಡೋಣ ಅಂತ ಅಂಗಡಿಯ ಟಿವಿಗೆ ಚುಚ್ಚಿದೆ. ಟ್ಯಾಂಕಿನ ಆಟ ಶುರುವಾಗುವಾಗ ಒಂದು ರಾಗ ಬರುತ್ತದಲ್ಲ, ಅದು ಬಂತು. ನಾನು ಟಿವಿಯ ಸದ್ದು ಸಣ್ಣದು ಮಾಡಿದೆ.

ರಾಮಾಂಜಿನಿ ಆಡಿದ. ಅವನ ಬಲಗೈಯಲ್ಲಿ ಉಂಗುರಬೆರಳು, ಕಿರುಬೆರಳು ಎರಡೇ ಎಂಬುದನ್ನು ನಿನಗೆ ನಾನು ಹೇಳಬೇಕೆ. ಪ್ಯಾಡನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಎಡಗೈಯಿಂದ ಟ್ಯಾಂಕು ತಿರುಗಿಸಿ, ಉಂಗುರಬೆರಳಿನ ಗೆಣ್ಣಿನಿಂದ ಗುಂಡು ಹಾರಿಸಿದ. 'ಮಾಮಾ, ನಾಕನೇ ಲೆವೆಲ್ಲು ನೋಡ್ರಿ! ಎರಡೂ ಕೈ ನೆಟ್ಟಗಿದ್ದಾಗ ಮೂರು ದಾಟ್ತಿದ್ದಿಲ್ಲ ನಾ' ಎಂದು ಗಟ್ಟಿಯಾಗಿ ನಕ್ಕ. ಮೂವತ್ತೈದು ವರ್ಷದ ಗಂಡಸು, ಮಗುವಿನ ಹಾಗೆ ನಕ್ಕ. ನನಗೆ ಅಳು ಬಂತು ಎರ್ರಣ್ಣ, ಮುಖ ತಿರುಗಿಸಿಕೊಂಡೆ.

ಅಷ್ಟರಲ್ಲಿ ನನ್ನ ಮಗಳು ಗೌತಮಿ ಪಾರ್ವತಿನಗರದ ತನ್ನ ಮನೆಯಿಂದ ಬುತ್ತಿ ತಂದಳು. ಈಗ ಆಸ್ಪತ್ರೆಯಲ್ಲಿ ನರ್ಸು, ಆದರೂ ಅಪ್ಪನ ಊಟದ ಚಿಂತೆ ಬಿಟ್ಟಿಲ್ಲ. ಅವಳೂ ಎರಡನೇ ಪ್ಯಾಡು ಹಿಡಿದು ಕೂತಳು. ಆಡುತ್ತಾ ಆಡುತ್ತಾ ಏನೋ ಅಂದಳು. ಅದನ್ನು ಆಮೇಲೆ ಬರೆಯುತ್ತೇನೆ.

ಹೋಗುವ ಮುಂದೆ ರಾಮಾಂಜಿನಿ ನಿನ್ನ ಮಾತು ತೆಗೆದ. 'ಆವತ್ತು ನಾ ಹೋಗಿದ್ರ ಹುಡುಗನ ಕೈ ಉಳೀತಿತ್ತು ಅಂತ ಅಪ್ಪ ಇವತ್ತಿಗೂ ಅಂತಾನ್ರಿ. ಅವ್ವನೂ ಬಿಡಂಗಿಲ್ಲ. ನಾಟಿ ಬಂತಂದ್ರ ಸಾಕು, ಒಂದು ಚುಚ್ಚು ಮಾತು ಆಡ್ತಾಳ, ಅಪ್ಪ ಊಟ ಬಿಡ್ತಾನ. ನನಗ ಬೆಳ್ಳು ಹೋಗಿದ್ದು ಮರತೈತ್ರಿ ಮಾಮಾ. ಇವರಿಬ್ಬರಿಗೆ ಮರಿವಲ್ದು' ಎಂದ.

ನಾವಿಬ್ಬರೂ ಬಲ್ಲ ಕಥೆಯೇ, ಆದರೂ ಒಮ್ಮೆ ಬರೆಯುತ್ತೇನೆ. ಎರಡು ಸಾವಿರದ ಮೂರರ ಜುಲೈಯಲ್ಲಿ ಗೇಮು ಕೆಟ್ಟಿತು, ನೀನೇ ತಂದು ನನ್ನ ಅಂಗಡಿಯಲ್ಲಿ ಕೊಟ್ಟೆ. ನಾನು ಎಂದಿನಂತೆ ಅದಕ್ಕೊಂದು ಚೀಟಿ ಕಟ್ಟಿದೆ. ನನ್ನ ಚೀಟಿಗಳನ್ನು ಕಂಡರೆ ನಿನಗೆ ನಗು. ಹೆಸರು, ಊರು, ಬಂದ ದಿನ, ಸರಿಯಾದ ದಿನ 'ರೆಡಿ' ಎಂದು ತಾರೀಖು. 'ಇಷ್ಟು ಚೀಟಿ ಬರಿಯೋ ಹೊತ್ತಿಗೆ ಎರಡು ರೇಡಿಯೋ ಸರಿ ಮಾಡ್ಬೌದಲ್ಲೋ' ಎನ್ನುತ್ತಿದ್ದೆ. ಆಮೇಲೆ ನಿನ್ನ ಮಗ ಎರಡು ಸಲ ಒಬ್ಬನೇ ಬಂದ. ಐಸಿ ಮದ್ರಾಸಿನಿಂದ ಬರಬೇಕು, ಮುಂದಿನ ವಾರ ಬಾ ಎಂದು ಕಳಿಸಿದೆ. ದರ್ಜಿ, ಅಕ್ಕಸಾಲಿ, ರೇಡಿಯೋ ರಿಪೇರಿಯವ, ಮೂವರಿಗೂ 'ನಾಳೆ ಬಾ' ಎಂಬುದು ಕಸುಬಿನ ಮಾತು.

ಮೂರನೇ ಸಲ ಆಗಸ್ಟ್ ಎರಡನೆಯ ತಾರೀಖು, ಶನಿವಾರ. ಆವತ್ತು ನೀನೇ ಬರಬೇಕಿತ್ತು. ನಾಟಿಗೆ ಆಳು ಬಂದುಬಿಟ್ಟರು. 'ಒಬ್ಬನ್ನ ಕಳಿಸಬ್ಯಾಡ್ರಿ, ಮೋಡ ಆಗೈತಿ' ಎಂದು ಹುಡುಗನ ಅವ್ವ ಪಕ್ಕೀರಮ್ಮ ಅಂದಳು. 'ಹದಿಮೂರು ವರ್ಷದಾಂವ ಕೂಸೇನ?' ಎಂದು ನೀನು ರೇಗಿದೆ. ಹುಡುಗ ಬಂದು ಅಂಗಡಿಯ ಬೆಂಚಿನ ಮೇಲೆ ಕೂತ. ಸಂಜೆ ಐದೂವರೆವರೆಗೆ ಕೂತ. ಇನ್ನೂ ಆಗಿಲ್ಲ ಎಂದೆ. ಸಿರುಗುಪ್ಪಕ್ಕೆ ಹೋಗುವಷ್ಟರಲ್ಲಿ ನಿಮ್ಮೂರ ಬಸ್ಸು ಹೋಗಿತ್ತು. ಗೊಬ್ಬರದ ಟ್ರ್ಯಾಕ್ಟರ್ ಹತ್ತಿದ. ಕಾಲುವೆಯ ತಿರುವಿನಲ್ಲಿ ಟ್ರೇಲರಿನಿಂದ ಬಿದ್ದ, ಗಾಲಿ ಕೈ ಮೇಲೆ ಹಾಯಿತು.

ಆಸ್ಪತ್ರೆಯಲ್ಲಿ ಹನ್ನೊಂದು ದಿನ ನಾನು ನಿನ್ನ ಪಕ್ಕದಲ್ಲೇ ಇದ್ದೆ. ರಕ್ತ ಕೊಟ್ಟೆ. ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು, 'ನೀ ಇಲ್ಲದಿದ್ರ ನಾ ಸತ್ತ ಹೋಗ್ತಿದ್ದೆಲೇ ಜೋಗ್ಯಾ' ಎಂದೆ. ನೀನು ಆಗಲೇ ಹೇಳಿದೆ, ಆ ಗೇಮನ್ನು ಒಡೆದು ಹಾಕು, ನನ್ನ ಕಣ್ಣಿಗೆ ಬೀಳಬಾರದು ಅಂತ. ಒಡೆಯಲಿಲ್ಲ. ಅಂಗಡಿಯ ಅಟ್ಟದ ಮೇಲೆ, ಹಾಳಾದ ಸ್ಪೀಕರುಗಳ ಹಿಂದೆ ಇದೆ.

ಎರ್ರಣ್ಣ, ತಪ್ಪು ನಿನ್ನದಲ್ಲ. ಇಷ್ಟು ವರ್ಷ ನೂರು ಸಲ ಈ ಮಾತನ್ನು ಹೇಳಿದ್ದೇನೆ, ನೀನು ನೂರು ಸಲ ತಲೆ ಅಲ್ಲಾಡಿಸಿದ್ದೀ. ಸಮಾಧಾನಕ್ಕೆ ಹೇಳುತ್ತಾನೆ ಅಂದುಕೊಂಡಿದ್ದೀ. ಈ ಸಲ ಸಮಾಧಾನಕ್ಕೆ ಹೇಳುತ್ತಿಲ್ಲ. ಆ ಮಗು ಆಡಲಿ. ಅದರ ರಾಗ ಕೇಳಿದರೆ ನೀನು ಎದ್ದು ಹೋಗಬೇಡ, ಜಗಲಿಯ ಮೇಲಾದರೂ ಕೂತಿರು. ನಿನ್ನ ಮಗ ನಾಲ್ಕನೇ ಲೆವೆಲ್ಲು ದಾಟುವುದನ್ನು ನೀನು ನೋಡಬೇಕು.

ಕುರುಗೋಡಿನ ದಿನಗಳು ನೆನಪಾಗುತ್ತವೆ. ನೀನು ಸೋದರತ್ತೆಯ ಮನೆಯಲ್ಲಿದ್ದು ಶಾಲೆಗೆ ಬರುತ್ತಿದ್ದೆ. ನಮ್ಮ ಕೇರಿಗೆ ಬಂದು ನಮ್ಮವ್ವನ ಕೈಯ ರೊಟ್ಟಿ ಉಂಡೆ ಅಂತ ನಿನ್ನ ಅತ್ತೆ ಬಾವಿಯ ಹತ್ತಿರ ನಿಲ್ಲಿಸಿ ನಾಲ್ಕು ಕೊಡ ನೀರು ಸುರಿದಳು. ಮರುದಿನ ಒದ್ದೆ ತಲೆ ಒರೆಸಿಕೊಳ್ಳುತ್ತಾ ಮತ್ತೆ ಬಂದು, 'ಅವ್ವಾ, ರೊಟ್ಟಿ ಅದಾವೇನು?' ಎಂದೆ. ಸಾಯುವ ತನಕ ನಮ್ಮವ್ವ ಅದನ್ನೇ ಹೇಳುತ್ತಿದ್ದಳು. ಪ್ರತಿ ಸುಗ್ಗಿಗೆ ನಿನ್ನ ಗದ್ದೆಯ ಅಕ್ಕಿ ಎರಡು ಚೀಲ ನಮ್ಮ ಮನೆಗೆ ಬರುತ್ತದೆ, ಇಪ್ಪತ್ತೆರಡು ವರ್ಷ ಒಮ್ಮೆಯೂ ತಪ್ಪಿಲ್ಲ. ಈ ಸಲ ಕಳಿಸಬೇಡ. ಯಾಕೆ ಅಂತ ಈರಮ್ಮನನ್ನೂ ಕೇಳಬೇಡ, ಅವಳಿಗೆ ಗೊತ್ತಿಲ್ಲ.

ಪಕ್ಕೀರಮ್ಮನಿಗೆ ನನ್ನ ನಮಸ್ಕಾರ. ಪೂಜಿತಾಗೆ ಈ ಅಜ್ಜನ ಆಶೀರ್ವಾದ, ಪ್ಯಾಡಿನ ವೈರು ಎಳೆದು ಆಡಬಾರದು ಅಂತ ಹೇಳು. ನಿನ್ನ ಗದ್ದೆಗೆ ನೀರು ತಪ್ಪದಿರಲಿ, ನಿನ್ನ ಮನೆಯಲ್ಲಿ ನಗು ತುಂಬಲಿ.

ನಿನ್ನವನು ಎಂದು ಬರೆಯಲು ಕೈ ಹಿಂಜರಿಯುತ್ತದೆ, ಆದರೂ
ನಿನ್ನ
ಜೋಗಪ್ಪ

ತಾ.ಕ.: ಗೌತಮಿ ಅಂದದ್ದನ್ನು ಬರೆಯುತ್ತೇನೆ ಎಂದಿದ್ದೆ. 'ಅಪ್ಪಾ, ಇದು ನಮ್ಮನಿಯಾಗ ಇತ್ತಲ್ಲ! ನನಗ ಕಾಮಣಿ ಆಗಿ ಮಲಗಿದ್ದಾಗ ದಿನಾ ಆಡ್ತಿದ್ದೆ ನೋಡು' ಎಂದಳು. ರಾಮಾಂಜಿನಿ, 'ಹೌದೇನು? ನಿಮ್ಮನಿಯಾಗೂ ಇತ್ತು ಅಂತ ಗೊತ್ತಿದ್ರ ಅಲ್ಲೇ ಬಂದು ಆಡ್ತಿದ್ನಲ್ಲ' ಎಂದು ನಕ್ಕ. ಅವನಿಗೆ ಯಾವ ಸಂಶಯವೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ನಾನೇ ಗಡಬಡಿಸಿ, 'ಯಾರದೋ ರಿಪೇರಿಗೆ ಬಂದಿತ್ತು' ಎಂದೆ.

ಯಾರದೋ ಅಲ್ಲ, ನಿಮ್ಮದೇ. ಅಡಾಪ್ಟರಿನ ಒಂದು ವೈರು ಕಡಿದಿತ್ತು, ಅಷ್ಟೇ. ಯಾವ ಐಸಿಯೂ ಮದ್ರಾಸಿನಿಂದ ಬರಬೇಕಿರಲಿಲ್ಲ. ನೀನು ಕೊಟ್ಟುಹೋದ ಎರಡನೇ ದಿನಕ್ಕೇ ಸರಿ ಮಾಡಿದೆ. ರಿಪೇರಿಯಾದ ಸೆಟ್ಟನ್ನು ಎರಡು ದಿನ ಓಡಿಸಿ ನೋಡುವುದು ನಮ್ಮ ಕಸುಬಿನ ಪದ್ಧತಿ. ಗಿರಾಕಿಗಳ ಟಿವಿ, ಟೇಪು ಹಾಗೆ ಎಷ್ಟೋ ಸಲ ನಮ್ಮ ಮನೆಯಲ್ಲಿ ಓಡಿವೆ. ಇದನ್ನೂ ಒಯ್ದೆ. ಕಾಮಾಲೆಯಾಗಿ ತಿಂಗಳಿಂದ ಹಾಸಿಗೆ ಹಿಡಿದು ಗೋಡೆ ನೋಡುತ್ತಿದ್ದ ಹುಡುಗಿ ಅಂದು ಎದ್ದು ಕೂತು ನಕ್ಕಳು. ಅದನ್ನು ಅವಳ ಕೈಯಿಂದ ಕಸಿಯಲು ನನಗೆ ಮನಸ್ಸು ಬರಲಿಲ್ಲ. ಎರಡು ದಿನ ಮೂರು ವಾರವಾಯಿತು. ಚೀಟಿಯನ್ನು ಬಿಚ್ಚಿ ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. 'ರೆಡಿ, 14-7-2003' ಎಂದು ನನ್ನದೇ ಅಕ್ಷರದಲ್ಲಿದೆ, ನೋಡು.

ಒಬ್ಬನೇ ಓದು ಎಂದು ಮೇಲೆ ಬರೆದಿದ್ದೆ. ಓದಿ ಮುಗಿಸಿದ ಮೇಲೆ ಇದೊಂದು ಸಾಲನ್ನು ಮಾತ್ರ ಪಕ್ಕೀರಮ್ಮನನ್ನು ಎದುರು ಕೂಡಿಸಿಕೊಂಡು ಗಟ್ಟಿಯಾಗಿ ಓದು. ಆವತ್ತು ನಿಮ್ಮ ಮಗ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು 'ಆತೇನ್ರಿ ಮಾಮಾ?' ಎಂದು ಕೇಳುತ್ತಿದ್ದಾಗ, ಅವನ ಗೇಮು ಎರಡು ಓಣಿ ಆಚೆ ನಮ್ಮ ಮನೆಯಲ್ಲಿ, ನನ್ನ ಮಗಳ ಮುಂದೆ ಓಡುತ್ತಿತ್ತು.