ಹೀಟರ್ ಬಟನ್ನು, ನಿನ್ನ ಕೈಗುಣ

ಅಣ್ಣಾ,

ನಿನ್ನ ಲಾರಿ ಇನ್ನೂ ಶಂಕರಪುರಂ ಮನೆ ಮುಂದೆಯೇ ನಿಂತಿದೆ, ಅದರ ಜೊತೆ ನಾನೂ. ನೀನು ಎದೆ ಹಿಡಿದುಕೊಂಡು ಕುಸಿದುಹೋದ ಮೇಲೆ ಅಮ್ಮ ಹಾಕಿದ ಶರತ್ತು ಒಂದೇ: ಕೆಟ್ಟು ನಿಂತ ಗಾಡಿ ಅಂತ ಗುಜರಿಗೆ ಕೊಡಕೂಡದು, ಮಾರುವುದಾದರೆ ಓಡುವ ಗಾಡಿಯಾಗಿ ಮಾರು. ಅಲ್ಲಿಯವರೆಗೆ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಕಾರ್ಡ್ ಅಂಗಡಿಗಳಿಗೆ ಪೇಪರ್ ಲೋಡು ನಾನೇ ಹೊಡೆಯಬೇಕು. ಗಾಂಧಿ ಬಜಾರಿನ ಪುಸ್ತಕದಂಗಡಿಯ ಕೌಂಟರಿನಲ್ಲಿ ನೆಮ್ಮದಿಯಾಗಿ ಕೂತಿದ್ದವನು ನಾನು. ಯಜಮಾನರು ಸಂಕ್ರಾಂತಿವರೆಗೆ ನನ್ನ ಜಾಗ ಖಾಲಿ ಇಡುತ್ತೇನೆ ಎಂದಿದ್ದರು.

ಬೆಳಿಗ್ಗೆ ನೀನು ಲಾರಿ ಹತ್ತುವುದನ್ನು ನಾವೆಲ್ಲ ನಿಂತು ನೋಡುತ್ತಿದ್ದೆವು, ನೆನಪಿದೆಯಾ? ಡ್ಯಾಶ್‌ಬೋರ್ಡಿನ ಶಿವನ ಪಟಕ್ಕೆ ವಿಭೂತಿ, ಒಂದು ಮೊಳ ಹೂವು. ಬಲಗೈಯಲ್ಲಿ ಊದುಬತ್ತಿಯನ್ನು ನಿಧಾನವಾಗಿ ಬೆಳಗುತ್ತಿದ್ದೆ, ಎಡಗೈ ಸ್ಟೇರಿಂಗ್ ಕೆಳಗೆ ಗಾಡಿಯನ್ನು ಮುಟ್ಟಿಕೊಂಡಿರುತ್ತಿತ್ತು. ಆಮೇಲೆ ಕೀ ತಿರುಗಿಸಿದರೆ ಎಂಥ ಚಳಿಯಲ್ಲೂ ಒಂದೇ ಏಟಿಗೆ ಸ್ಟಾರ್ಟ್. ಅದು ನಿನ್ನ ಕೈಗುಣ ಅಂತ ಅಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. ನನ್ನಿಂದಲೂ ಅದೇ ಪೂಜೆ ಮಾಡಿಸಿದಳು. ಬೆಳಗಿದೆ, ಮುಟ್ಟಿದೆ, ಕಣ್ಣೂ ಮುಚ್ಚಿದೆ. ಎಂಜಿನ್ ಬರೀ ತಿರುಗಿತು, ಬಿಳಿ ಹೊಗೆ ಕಾರಿತು, ಸುಮ್ಮನಾಯಿತು. ದಿನಾ ಅಕ್ಕಪಕ್ಕದವರು ತಳ್ಳಿ ಹೊರಡಿಸಬೇಕು. ನನಗೆ ಮನಸ್ಸಿಲ್ಲ, ಅದಕ್ಕೇ ಹೀಗೆ ಎನ್ನುತ್ತಿದ್ದಳು ಅಮ್ಮ. ಮನಸ್ಸಿಲ್ಲದ್ದೇನೋ ನಿಜ, ಆದರೆ ಡೀಸೆಲ್‌ಗೆ ಅದು ಹೇಗೆ ಗೊತ್ತಾಗಬೇಕು?

ಕೊನೆಗೆ ಚಾಮರಾಜಪೇಟೆಯ ನಿನ್ನ ದೋಸ್ತ್, ಮೆಕ್ಯಾನಿಕ್ ರಫೀಕ್ ಭಾಯ್ ಹತ್ತಿರ ಹೋದೆ. ಮಧ್ಯಾಹ್ನ ಸ್ಟಾರ್ಟ್ ಆಗಿ ಬೆಳಿಗ್ಗೆ ಆಗದಿದ್ದರೆ ಹೀಟರ್ ಪ್ಲಗ್ ನೋಡಬೇಕು ಎಂದರು. ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ನಿನ ಒಳಗನ್ನು ಕಾಯಿಸಿಕೊಡುವ ಕಡ್ಡಿಗಳವು. ನಾಲ್ಕನ್ನೂ ಬಿಚ್ಚಿ ನೇರ ಬ್ಯಾಟರಿಗೆ ಹಿಡಿದರು, ನಾಲ್ಕೂ ಕೆಂಡದಂತೆ ಕೆಂಪಾದವು. ಪ್ಲಗ್ ಚೆನ್ನಾಗಿದ್ದರೆ ಕರೆಂಟೇ ಬರುತ್ತಿಲ್ಲ ಅಂತಾಯಿತು. ನೋಡಿದರೆ ಪ್ಲಗ್‌ಗಳಿಗೆ ಕರೆಂಟು ಬಿಡುವ ರಿಲೇ ಎಂದೋ ಸತ್ತಿದೆ, ಅದರ ವೈರನ್ನು ಯಾರೋ ಕತ್ತರಿಸಿ ಬೇರೆಲ್ಲಿಗೋ ಎಳೆದಿದ್ದಾರೆ. ಆ ವೈರನ್ನೇ ತಡವುತ್ತಾ ಹೋದೆ. ಸ್ಟೇರಿಂಗ್ ಕೆಳಗೆ, ನೀನು ಎಡಗೈ ಇಡುತ್ತಿದ್ದ ತಗಡಿನ ಹಿಂಬದಿಗೆ, ಯಾವುದೋ ಹಳೇ ಗಾಡಿಯ ಸ್ಟಾರ್ಟರ್ ಬಟನ್. ಪೂಜೆ ಮುಗಿಯುವವರೆಗೂ ಅದನ್ನು ಒತ್ತಿ ಹಿಡಿದಿರುತ್ತಿದ್ದೆಯಲ್ಲ, ಕಳ್ಳ.

ರಫೀಕ್ ಭಾಯ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನನಗಾದರೂ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಅಥವಾ, ನಿನ್ನೊಬ್ಬನ ಕೈಗೇ ಅದು ಸ್ಟಾರ್ಟ್ ಆಗುವುದಾದರೆ ನನ್ನನ್ನು ಯಾರೂ ಅದಕ್ಕೆ ಹತ್ತಿಸುವುದಿಲ್ಲ ಅಂತಲೇ ಮುಚ್ಚಿಟ್ಟೆಯಾ? ಕೇಳೋಣವೆಂದರೆ ನೀನಿಲ್ಲ.

ಮಾರನೇ ಬೆಳಿಗ್ಗೆ ಊದುಬತ್ತಿ ಬೆಳಗುತ್ತಾ ಬಟನ್ ಒತ್ತಿ ಹಿಡಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಲಾರಿ ಕೇಳಿದ್ದ ಗಿರಾಕಿಗೆ ಫೋನ್ ಮಾಡಿ ಸೋಮವಾರವೇ ಪುಸ್ತಕದಂಗಡಿಗೆ ಹೋಗಿಬಿಡೋಣ ಎಂದುಕೊಂಡು ಇಳಿದೆ. ನೀನು ಹೋದಾಗಿನಿಂದ ಹೊಸ್ತಿಲು ದಾಟದ ಅಮ್ಮ ಬರಿಗಾಲಲ್ಲಿ ಬೀದಿಗೆ ಬಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ಅವನ ಕೈ ನಿಂಗೆ ಬಂತು ಕಣೋ. ಇನ್ಯಾಕೆ ಮಾರ್ತೀಯಾ?"

"ಅಮ್ಮಾ, ಅದು ಕೈ ಅಲ್ಲ, ಅಲ್ಲಿ ಕೆಳಗೆ..."

"ಕೆಳಗೆ ಏನು?"

ಅವಳ ಮುಖ ನೋಡಿದೆ ಅಣ್ಣಾ. ಅಷ್ಟು ದಿನದಲ್ಲಿ ಮೊದಲ ಸಲ ಆ ಮುಖದಲ್ಲಿ ಕಳೆ ಇತ್ತು. ಏನಿಲ್ಲ, ಹತ್ತು, ಹೂವು ತರೋಣ ಎಂದೆ. ಪಕ್ಕದ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ಗಾಂಧಿ ಬಜಾರಿಗೆ ಹೋದೆ. ಯಜಮಾನರು ಅಂಗಡಿಯ ಷಟರ್ ಎತ್ತುತ್ತಿದ್ದವರು ನನ್ನನ್ನು ಕಂಡು ಕೈ ಮಾಡಿದರು. ನಾನು ನಿಲ್ಲಿಸಲಿಲ್ಲ.

ಈಗ ಆ ಕೌಂಟರಿನಲ್ಲಿ ಬೇರೆಯವರು ಕೂತಿದ್ದಾರೆ. ನನಗೆ ಕೆಲವು ದಿನ ನಿನ್ನ ಮೇಲೆ ಕೆಟ್ಟ ಸಿಟ್ಟು ಬರುತ್ತದೆ. ಅಮ್ಮ ಮಾತ್ರ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ. ದಿನಾ ಬಾಗಿಲಲ್ಲಿ ನಿಂತು ನನ್ನ ಪೂಜೆ ನೋಡುತ್ತಾಳೆ. ಬಟನ್ ವಿಷಯ ನಾನೂ ಅವಳಿಗೆ ಹೇಳುವುದಿಲ್ಲ, ಬಿಡು.

ನಿನ್ನ ತಮ್ಮ