ಹಬೆಮನೆಯ ಹೊಸ ಹಲಗೆ

ಅಪ್ಪಾ,

ಸರೋವರದ ಈ ದಡದಲ್ಲಿ ನಾನು, ಆ ದಡದಲ್ಲಿ ನೀನು. ನೀರಿನ ಮೇಲಿನ ಹಿಮ ಇನ್ನೂ ಗಟ್ಟಿಯಾಗಿದೆ, ನಡೆದೇ ಬರಬಹುದಿತ್ತು. ಬಂದರೆ ನೀನು ಕಾಫಿ ಬಗ್ಗಿಸುತ್ತೀಯ, ನಾನು ಕುಡಿಯುತ್ತೇನೆ, ಆಮೇಲೆ ಇಬ್ಬರೂ ಕಿಟಕಿಯಾಚೆ ನೋಡುತ್ತಾ ಕೂರುತ್ತೇವೆ. ನಮ್ಮ ಮನೆಯಲ್ಲಿ ಮಾತು ಯಾವಾಗಲೂ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಟೋಬರಿನ ಆ ಮಧ್ಯಾಹ್ನವನ್ನು ನಾನಿನ್ನೂ ತೊಳೆದುಕೊಳ್ಳಲಾಗಿಲ್ಲ. ನಮ್ಮ ತಂಡ ಹೊಡೆದ ಗಂಡು ಕಡವೆಯನ್ನು ಜೌಗಿನಿಂದ ಎಳೆದು ತಂದಾಗಿತ್ತು. ಕುದುರೆಯಷ್ಟು ಎತ್ತರದ ಪ್ರಾಣಿ, ಹೊಟ್ಟೆ ಸೀಳಿದ ಜಾಗದಿಂದ ಹಬೆ ಏಳುತ್ತಿತ್ತು. ನಾನು ಬೆಂಕಿಯ ಬಳಿ ಸಾಸೇಜು ಸುಡುತ್ತಿದ್ದೆ. ನಿನ್ನ ಮಗ, ನನ್ನ ಬೆನ್ನಿಗೆ ಬಿದ್ದ ತಮ್ಮ ಯೌನಿ, ಮೊಣಕಾಲೂರಿ ಅದರ ಕೊಂಬಿಗೆ ಹಗ್ಗ ಬಿಗಿಯುತ್ತಿದ್ದ. ನನ್ನ ಗಂಡ ಕಾಲೇವಿಯ ಹೊಸ ಕೋವಿ ಕಂಡರೆ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏನ್ ಭಾವ, ನಿಮ್ ಹೊಸ ಮದುಮಗಳು ಇವತ್ತು ಬಾಯೇ ಬಿಡ್ಲಿಲ್ವಲ್ಲ? ನಾಚಿಕೆನಾ?"

"ಅವಳು ಬಾಯಿ ಬಿಟ್ರೆ ನೀನು ಚಡ್ಡಿ ಒದ್ದೆ ಮಾಡ್ಕೋತೀಯ. ಹಗ್ಗ ನೋಡ್ಕೋ," ಎಂದ ಕಾಲೇವಿ.

ಆ ಕೋವಿಯಲ್ಲಿ ಈಡು ತಡೆಯುವ ಸೇಫ್ಟಿ ಕೀಲು ಹಾಕಿದ್ದರೆ ಹಿಂಬದಿಯ ಬೋಲ್ಟು ತೆರೆಯುವುದಿಲ್ಲ. ತೋಟಾ ಹೊರಗೆ ತೆಗೆಯಬೇಕಾದರೆ ಸೇಫ್ಟಿಯನ್ನು ಮುಂದಕ್ಕೆ ಸರಿಸಲೇಬೇಕು. ಕಾಲೇವಿ ನೀನು ಕಲಿಸಿದಂತೆಯೇ ಪಕ್ಕಕ್ಕೆ ಸರಿದು ನಿಂತ, ನಳಿಗೆಯನ್ನು ನೆಲಕ್ಕೆ ಬಾಗಿಸಿದ, ಹೆಬ್ಬೆರಳಿನಿಂದ ಸೇಫ್ಟಿ ಸರಿಸಿದ. ಈಡು ಹಾರಿತು. ಪಾಚಿಯ ಕೆಳಗೆ ಬಂಡೆಯಿತ್ತು. ಗುಂಡು ಬಂಡೆಗೆ ಬಡಿದು, ಸೀಳಿ, ಯೌನಿಯ ಗಂಟಲಿಗೆ ನುಗ್ಗಿತು.

ಎರಡೂ ಅಂಗೈಯಿಂದ ಒತ್ತಿ ಹಿಡಿದೆ. ರಕ್ತ ನನ್ನ ಬೆರಳ ಸಂದಿಗಳಿಂದ ಉಕ್ಕಿ, ಕಡವೆಯ ರಕ್ತ ಹರಿದಿದ್ದ ಪಾಚಿಯ ಮೇಲೇ ಹರಿಯಿತು. ಎರಡೂ ಒಂದೇ ಬಣ್ಣ, ಒಂದೇ ಬಿಸಿ. ಯೌನಿ ನನ್ನ ಮುಖ ನೋಡುತ್ತಿದ್ದ. ಕೊನೆಯವರೆಗೂ ಅವನ ಕೈ ಹಗ್ಗ ಬಿಡಲಿಲ್ಲ.

ಆಗ ನೀನು ಬಂದೆ. ಮಗನನ್ನು ನೋಡಿದೆ. ಕಾಲೇವಿಯ ಕೈಯಿಂದ ಕೋವಿ ಕಿತ್ತುಕೊಂಡು, ತಿರುಗಿಸಿ ಹಿಡಿದು, ಅದರ ಮರದ ಹಿಡಿಯಿಂದ ಅವನ ಮುಖಕ್ಕೆ ಬಾರಿಸಿದೆ. ಕೆನ್ನೆಯ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವನನ್ನು ಮತ್ತೆ ಹೊಡೆದೆ. ಹಲ್ಲು ರಕ್ತದೊಂದಿಗೆ ಪಾಚಿಗೆ ಬಿದ್ದವು.

"ನಾನು ಟ್ರಿಗರ್ ಮುಟ್ಟಿಲ್ಲ ಮಾವ," ಎಂದ ಅವನು ಆ ಬಾಯಿಯಲ್ಲೇ.

"ಕೋವಿ ತಾನಾಗಿ ಹಾರಲ್ಲ ಕಣೋ! ಬೆರಳು ಹಾರಿಸುತ್ತೆ! ನಿನ್ನ ಈ ಹಾಳು ಬೆರಳು!"

ಅದು ನಿನ್ನ ಮಾತು. ಈ ಊರಿನ ಪ್ರತಿ ಬೇಟೆಗಾರನಿಗೂ ಮೊದಲ ದಿನ ನೀನು ಹೇಳಿಕೊಟ್ಟ ಮಾತು. ಹಿಂದೆ ನಮ್ಮ ತಂಡದ ಪೆಂಟ್ಟಿಯ ಕೋವಿ ಸುಮ್ಮನೆ ಆಕಾಶಕ್ಕೆ ಹಾರಿದಾಗಲೂ ಇದನ್ನೇ ಹೇಳಿದ್ದೆ. ಯಾರಿಗೂ ಗೀರು ಗಾಯವಾಗಿರಲಿಲ್ಲ. ಆದರೂ ಆ ಸಂಜೆಯಿಂದ ಮಾಂಸ ಪಾಲು ಹಾಕುವ ಕೊಟ್ಟಿಗೆಯಲ್ಲಿ ಅವನ ಹೆಸರು ಕೇಳಿಬರಲಿಲ್ಲ. ಮೇಜಿನ ಮೇಲೆ ಮಾಂಸದ ಗುಡ್ಡೆಗಳು ಸಾಲಾಗಿ ಇರುತ್ತವೆ, ನೀನು ಅವಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತೀಯ. ಒಬ್ಬ ಒಂದು ಗುಡ್ಡೆಯ ಮೇಲೆ ಕೈಯಿಟ್ಟು "ಇದು ಯಾರದು?" ಎಂದು ಕೇಳುತ್ತಾನೆ, ನೀನು ನೋಡದೆ ಒಂದು ಹೆಸರು ಹೇಳುತ್ತೀಯ. ಅದಕ್ಕಿಂತ ದೊಡ್ಡ ನ್ಯಾಯ ನಾನು ಚಿಕ್ಕಂದಿನಲ್ಲಿ ಕಂಡಿರಲಿಲ್ಲ. ಪೆಂಟ್ಟಿ ಮುಂದಿನ ವರ್ಷವೇ ಮನೆ ಮಾರಿ ಹೋದ.

ಯೌನಿಯನ್ನು ಸಾಗಿಸಿ, ಪೊಲೀಸರು ಹೋದ ಮೇಲೆ, ಮಾಂಸ ಕೊಳೆಯಬಾರದಲ್ಲ, ಪಾಲು ಹಾಕಿದರು. ನೀನು ಬೆನ್ನು ತಿರುಗಿಸಿ ನಿಂತೆ. ಹೆಸರುಗಳ ನಡುವೆ "ಯೌನಿ" ಎಂದೆ. ಆ ಗುಡ್ಡೆಯನ್ನು ಹಾಗೇ ಪಕ್ಕಕ್ಕೆ ಸರಿಸಿದರು. ಕಾಲೇವಿಯ ಹೆಸರನ್ನು ನೀನು ಹೇಳಲೇ ಇಲ್ಲ.

ಪೊಲೀಸರ ಪರೀಕ್ಷಕರು ಕಾಲೇವಿಯ ಕೋವಿಯ ಸೇಫ್ಟಿಯನ್ನು ಹಲವು ಸಲ ಸರಿಸಿ, ಕೋವಿಯನ್ನು ತಟ್ಟಿ ನೋಡಿದರಂತೆ. ಅದು ಹಾರಲಿಲ್ಲ. ದೋಷವಿಲ್ಲ ಎಂದು ಬರೆದರು. ಇಡೀ ಊರು ಬೆರಳು ಬೆರಳು ಎಂದಿತು. ಹೇಳಿ ಹೇಳಿ, ಕೇಳಿ ಕೇಳಿ, ಕಾಲೇವಿಯೇ ನಂಬತೊಡಗಿದ. ಊಟದ ನಡುವೆ ತನ್ನ ಬಲಗೈ ತೋರುಬೆರಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ. ಜನವರಿಯ ಒಂದು ಬೆಳಿಗ್ಗೆ ಸೌದೆ ತರುತ್ತೇನೆಂದು ಹೋದ. ಕೊಡಲಿಯ ಸದ್ದು ಒಂದೇ ಸಲ ಬಂತು. ನಾನು ಓಡಿ ಹೋದಾಗ ಅವನು ಸೌದೆ ಸೀಳುವ ಕೊರಡಿನ ಮುಂದೆ ಶಾಂತವಾಗಿ ನಿಂತಿದ್ದ. ಹಿಮವೆಲ್ಲ ಕೆಂಪಾಗಿತ್ತು. ಬೆರಳು ಕೊರಡಿನ ಮೇಲಿತ್ತು.

"ತಗೊಂಡು ಹೋಗಿ ನಿಮ್ಮಪ್ಪನಿಗೆ ಕೊಡು. ಇದೇ ಅಂತೆ ಮಾಡಿದ್ದು," ಎಂದ.

ನಾನು ತರಲಿಲ್ಲ. ಇವತ್ತು ಬೇರೊಂದನ್ನು ಕಳಿಸುತ್ತಿದ್ದೇನೆ.

ಕಳೆದ ವಾರ ಹಬ್ಬದ ಹಬೆಸ್ನಾನಕ್ಕೆಂದು ನಿನ್ನ ಹಬೆಮನೆ ತೊಳೆಯಲು ಬಂದಿದ್ದೆನಲ್ಲ, ನೀನು ಸರೋವರದ ಹಿಮ ಕೊರೆದು ಮೀನು ಹಿಡಿಯಲು ಕೂತಿದ್ದೆ. ಮೇಲಿನ ಬೆಂಚಿನ ಹಿಂದೆ ಒಂದು ಹೊಸ ಹಲಗೆ ಕಂಡೆ. ಉಳಿದವೆಲ್ಲ ತಾತನ ಕಾಲದ ಹೊಗೆಗೆ ಕಪ್ಪಾಗಿವೆ, ಇದೊಂದು ಬೆಳ್ಳಗಿತ್ತು. ಮೊಳೆ ಸೊಟ್ಟ ಹೊಡೆದಿತ್ತು. ನೀನು ಮೊಳೆ ಸೊಟ್ಟ ಹೊಡೆಯುವವನಲ್ಲ. ಯಾರಾದರೂ ನೋಡುವ ಮೊದಲೇ ಎಂದು ಅವಸರದಲ್ಲಿ ಹೊಡೆದದ್ದು ಅದು ಎನ್ನಿಸಿತು. ಮೀಟಿ ತೆಗೆದೆ. ಹಿಂದಿನ ದಿಮ್ಮಿಯಲ್ಲಿ ತೂತಿತ್ತು, ತೂತಿನಲ್ಲಿ ಗುಂಡಿನ ಸೀಸ.

ಆಗ ಹೋದ ಆಗಸ್ಟ್ ನೆನಪಾಯಿತು. ಮಾವನಿಗೂ ಅಳಿಯನಿಗೂ ಒಂದೇ ಇರಲಿ ಎಂದು ಒಂದೇ ಅಂಗಡಿಯಿಂದ ಒಂದೇ ತಯಾರಿಕೆಯ ಎರಡು ಕೋವಿ ತಂದಿರಿ. ನೀನು ಹಬೆಮನೆಯ ಹೊರಕೋಣೆಯಲ್ಲಿ ಕೂತು ದಿನಾ ಎಣ್ಣೆ ಒರೆಸುತ್ತಿದ್ದೆ. ಬೇಟೆ ಶುರುವಾಗುವ ಹೊತ್ತಿಗೆ ಮಾತ್ರ ಹಳೆಯದನ್ನೇ ಹೆಗಲಿಗೇರಿಸಿ ಬಂದೆ. "ಹೊಸದು ಭುಜಕ್ಕೆ ಒಗ್ಗಲಿಲ್ಲ," ಎಂದೆ. ಯೌನಿ ಎಷ್ಟು ನಕ್ಕ! "ಅಪ್ಪನಿಗೆ ಹೊಸ ಹೆಂಡ್ತಿ ಜೊತೆ ಏಗಕ್ಕಾಗಲ್ಲ, ಹಳೇ ಮುದುಕಿನೇ ಸರಿ." ನೀನೂ ನಕ್ಕೆ. ಆ ನಗುವನ್ನು ಈಗ ನೆನೆದರೆ ನನ್ನ ಮೈ ಉರಿಯುತ್ತದೆ.

ನಿನ್ನ ಕೋವಿ ಕಪಾಟಿನ ಬೀಗದ ಕೈ ಎಲ್ಲಿರುತ್ತದೆಂದು ನನಗೆ ಗೊತ್ತು. ನಿನ್ನ ಆ ಹೊಸ ಕೋವಿಯನ್ನು ಜಲ್ಲಿಗುಂಡಿಗೆ ಒಯ್ದೆ. ಪದ್ಯ ಓದುವವಳಿಗೆ ಕೋವಿಯ ಎಣ್ಣೆ ವಾಸನೆ ಹತ್ತುವುದಿಲ್ಲ ಎನ್ನುತ್ತಿದ್ದೆ ನೀನು. ಅದನ್ನು ಎರಡು ದಿಮ್ಮಿಗಳ ನಡುವೆ ಹಗ್ಗದಿಂದ ಬಿಗಿದೆ, ಮಣ್ಣಿನ ದಿಬ್ಬಕ್ಕೆ ಮುಖ ಮಾಡಿದೆ, ತೋಟಾ ತುಂಬಿದೆ. ಹಿಂದೆ ನಿಂತು ಉದ್ದನೆಯ ಕೋಲಿನಿಂದ ಸೇಫ್ಟಿ ಹಾಕಿದೆ, ತೆಗೆದೆ. ಏನೂ ಆಗಲಿಲ್ಲ. ಮತ್ತೆ ಹಾಕಿದೆ, ತೆಗೆದೆ. ಕೈ ಮರಗಟ್ಟಿತು. ನನ್ನ ಗಂಡನೇ ಸುಳ್ಳನೇನೋ, ನಾನೇ ಹುಚ್ಚಿಯೇನೋ ಎಂದು ಅಳು ಬಂತು. ಇನ್ನೊಮ್ಮೆ ಸರಿಸಿದೆ. ಹಾರಿತು. ದಿಬ್ಬದ ಹಿಮ ಸಿಡಿದು ಮುಖಕ್ಕೆ ಬಡಿಯಿತು. ಅಪ್ಪ, ಆ ಟ್ರಿಗರಿನ ಬಳಿ ಯಾರ ಬೆರಳೂ ಇರಲಿಲ್ಲ. ಒಳಗೆ ಈಡನ್ನು ತಡೆದು ಹಿಡಿಯಬೇಕಾದ ಕೊಕ್ಕೆಯನ್ನು ಎಲ್ಲೋ ಒಂದು ಕಾರ್ಖಾನೆಯಲ್ಲಿ ಸರಿಯಾಗಿ ಅರೆಯದೆ ಕಳಿಸಿರಬೇಕು. ಹಿಡಿದರೆ ಹಿಡಿಯುತ್ತದೆ, ಬಿಟ್ಟರೆ ಬಿಡುತ್ತದೆ.

ನಾನು ಕೊಡಲಿ ಎತ್ತಿದೆ. ಆ ಕೋವಿಯನ್ನು ಪುಡಿ ಮಾಡಬೇಕೆಂದಿದ್ದೆ. ಆಮೇಲೆ ಸರೋವರ ದಾಟಿ ನಿನ್ನ ಬಳಿಗೂ ಬರಬೇಕೆಂದಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಎತ್ತಿದ ಕೊಡಲಿಯನ್ನು ದಿಮ್ಮಿಗೆ ನೆಟ್ಟು ಕೂತುಬಿಟ್ಟೆ.

ಆಗಸ್ಟಿನಲ್ಲಿ ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು. "ಕಾಲೇವಿ, ಅದನ್ನು ಅಂಗಡಿಗೆ ವಾಪಸ್ ಕೊಟ್ಟು ಬಾ." ಅಷ್ಟೇ. ಆದರೆ ಪೆಂಟ್ಟಿಯನ್ನು ಊರು ಬಿಡಿಸಿದವನು ತನ್ನ ಕೋವಿಯೂ ತಾನಾಗಿ ಹಾರಿತು ಎಂದು ಯಾವ ಬಾಯಲ್ಲಿ ಹೇಳುತ್ತಾನೆ? ನಿನ್ನ ಬೆರಳೇ ತಪ್ಪಿತೆಂದು ನೀನೂ ನಂಬಿದೆಯಾ? ನಾಚಿಕೆಯಿಂದಲೇ ಹಲಗೆಯ ಮೊಳೆ ಸೊಟ್ಟ ಹೋಯಿತಾ? ಹಾಗಿದ್ದರೆ, ಅಪ್ಪ, ನಿನ್ನ ಮಾತೇ ನಿನ್ನ ಬಾಯಿ ಹೊಲಿಯಿತು, ನಿನ್ನ ಮಗನನ್ನು ತಿಂದಿತು.

ಗುರುವಾರ ನ್ಯಾಯಾಲಯದಲ್ಲಿ ಕಾಲೇವಿ ತಪ್ಪೊಪ್ಪಿಕೊಳ್ಳುತ್ತಾನಂತೆ. ನಾನು ಹೇಳಿದ್ದು ಅವನ ಕಿವಿಗೆ ಇಳಿಯುತ್ತಿಲ್ಲ. "ಗಂಡನ್ನ ಉಳಿಸ್ಕೊಳ್ಳೋಕೆ ಹೆಂಡ್ತಿ ಏನ್ ಬೇಕಾದ್ರೂ ಹೇಳ್ತಾಳೆ," ಎಂದು ಅವನೇ ನಗುತ್ತಾನೆ. ನಾನು ಅಲ್ಲಿ ಹೇಳಿಯೇ ಹೇಳುತ್ತೇನೆ. ಆದರೆ ಅವನಿಗೆ ಕೇಳಿಸುವುದು ನಿನ್ನ ದನಿ ಮಾತ್ರ.

ಕೋವಿಯನ್ನು ನಿನ್ನ ಕಪಾಟಿನಲ್ಲೇ ಇಟ್ಟಿದ್ದೇನೆ. ನ್ಯಾಯಾಲಯಕ್ಕೆ ನೀನೇ ಅದನ್ನು ತಾ. ತೋಟಾಗಳನ್ನೆಲ್ಲ ನಾನು ತಂದುಬಿಟ್ಟಿದ್ದೇನೆ, ಹಳೆಯ ಕೋವಿಯದೂ ಸೇರಿಸಿ. ಯಾಕೆಂದು ಕೇಳಬೇಡ. ಒಬ್ಬನನ್ನು ನನ್ನ ಈ ಕೈಗಳಲ್ಲಿ ಕಳೆದುಕೊಂಡಿದ್ದೇನೆ, ಇನ್ನೊಬ್ಬರನ್ನು ಒತ್ತಿ ಹಿಡಿಯುವ ಬಲ ಇವಕ್ಕಿಲ್ಲ.

ದಿಮ್ಮಿಯಿಂದ ಕೆತ್ತಿ ತೆಗೆದ ಸೀಸದ ಚೂರು ಈ ಲಕೋಟೆಯಲ್ಲಿದೆ. ಗುರುವಾರ ಅದನ್ನು ಎಲ್ಲರ ಮುಂದೆ ಮೇಜಿನ ಮೇಲಿಡು. ಈ ಸಲ ಬೆನ್ನು ತಿರುಗಿಸಬೇಡ, ಕಾಲೇವಿಯ ಮುಖ ನೋಡಿ ನಿಲ್ಲು. ನಾನು ಅದರ ಮೇಲೆ ಕೈಯಿಟ್ಟು ಕೇಳುತ್ತೇನೆ.

ಇದು ಯಾರದು, ಅಪ್ಪ?

ನೀನು ದಾಟಿ ಬರುವವರೆಗೂ ಸರೋವರದ ಹಿಮ ನಿನ್ನ ಭಾರ ತಾಳಲಿ.

ನಿನ್ನ ಮಗಳು,
ತೈನಾ