ಎಡಕ್ಕೆ ವಾಲಿದ ಅಲಗು

ಮಾರ್ಚ್ ೩, ಸೋಮವಾರ

ಪ್ರೀತಿಯ ಅತ್ತಿಗೆ,

ಅಣ್ಣ ಬದುಕಿದ್ದಾನೆ! ಕ್ಷೇಮ ಸಮಾಚಾರವೆಲ್ಲ ಆಮೇಲೆ, ಮೊದಲು ಇದನ್ನೇ ಇನ್ನೊಮ್ಮೆ ಓದಿ. ಅಣ್ಣ ಬದುಕಿದ್ದಾನೆ!

ಮದುವೆಯಾಗಿ ಬಂದ ಮೇಲೆ ಒಂದು ಸಾಲೂ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀರಿ. ತಪ್ಪಾಯಿತು. ಇಲ್ಲಿ ಎಷ್ಟು ಸುಖವಾಗಿದ್ದೇನೆಂದರೆ ಹೇಳಿಕೊಳ್ಳಲೇ ನಾಚಿಕೆ. ಮನೆಯ ಮುಂದಿನ ಕೋಣೆಯೇ ಇವರ ಕಾರ್ಖಾನೆ. ಹಳೆಯ ಉಜ್ಜುಗೊರಡುಗಳನ್ನು ಗುಜರಿಯಿಂದ ತಂದು, ತುಕ್ಕು ಬಿಡಿಸಿ, ತಳ ಮಟ್ಟ ಮಾಡಿ, ಎಣ್ಣೆ ಕುಡಿಸಿ ಮತ್ತೆ ಮರ ಹೆರೆಯುವಂತೆ ಮಾಡುತ್ತಾರೆ. ಹಾಸಿಗೆಯಲ್ಲೂ ಮರದ ಸುರುಳಿ, ನನ್ನ ಜಡೆಯಲ್ಲೂ ಮರದ ಸುರುಳಿ! ಬಡಗಿಯ ಮಗಳು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಕೊನೆಗೆ ಉಜ್ಜುಗೊರಡಿನ ಡಾಕ್ಟರನ್ನು ಕಟ್ಟಿಕೊಂಡಳು ಎಂದು ನಗಬೇಡಿ.

ನಿನ್ನೆ ಇವರು ಗುಜರಿಯವನಿಂದ ಒಂದು ಚೀಲ ತಂದರು. ಯಾವುದು ಎಷ್ಟು ಹಳೆಯದು, ಯಾರ ಕೈಯದು ಎಂದು ಗುರುತಿಸಲು ಮೊದಲು ಮೂತಿ, ಆಮೇಲೆ ಹಿಡಿ, ಕೊನೆಗೆ ಅಲಗು ನೋಡಬೇಕಂತೆ. ನಾನೂ ದೊಡ್ಡ ಪಂಡಿತಳ ಹಾಗೆ ಒಂದನ್ನು ಎತ್ತಿಕೊಂಡೆ. ಮೂತಿಯಲ್ಲಿ ಎಲೆಯಾಕಾರದ ತಿಳಿಬಣ್ಣದ ತೇಪೆ! ಚಿಕ್ಕವಳಿದ್ದಾಗ ನಾನು ಮೆಟ್ಟಿಲ ಮೇಲಿಂದ ಕೆಡವಿ ಮುರಿದದ್ದಕ್ಕೆ ತಾತ ಕೂರಿಸಿದ ತೇಪೆ. ಹಿಡಿಯ ಎಡಮಗ್ಗುಲನ್ನು ನಮ್ಮ ಎಡಚನ ಕೈಗೆ ಒಗ್ಗುವಂತೆ ಹೆರೆದಿದೆ. ಐದು ವರ್ಷದ ಹಿಂದೆ ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟಾಗ ಅಣ್ಣ ಕಂಕುಳಲ್ಲಿ ಇರುಕಿಕೊಂಡು ಹೋದದ್ದು ಇದೊಂದನ್ನೇ ಅಲ್ಲವೇ?

ಇನ್ನೂ ಇದೆ. ಬೆಣೆ ತಟ್ಟಿ ಅಲಗು ಬಿಡಿಸಿದೆವು. ಎಡಮೂಲೆ ಕೊಂಚ ಹೆಚ್ಚು ಸವೆದಿದೆ. ಸಾಣೆ ಹಿಡಿಯುವಾಗ ಎಡಕ್ಕೆ ವಾಲಿಸುತ್ತಾನೆಂದು ಅಪ್ಪ ಅವನನ್ನು ದಿನಾ ಬೈಯುತ್ತಿದ್ದರಲ್ಲ, “ಇದೇನು ಅಲಗೋ, ಬೆಕ್ಕಿನ ಕಿವಿಯೋ?” ಅಂತ! ಇವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಹಳೇ ಸಾಣೆ ಅಲ್ಲ ಕಣೇ. ಇನ್ನೂ ಕಪ್ಪಾಗಿಲ್ಲ ನೋಡು. ಹೆಚ್ಚಂದ್ರೆ ಹದಿನೈದು ದಿನ” ಎಂದರು. ಅವನನ್ನು ಬಿಟ್ಟು ಇನ್ಯಾರು ಹೀಗೆ ಸಾಣೆ ಹಿಡಿಯುತ್ತಾರೆ, ಹೇಳಿ?

“ಮಾರಿದವರನ್ನ ಮೊದ್ಲು ಹುಡುಕೋಣ, ಸ್ವಲ್ಪ ತಡಿ, ಆಮೇಲೆ ಬರಿ” ಎನ್ನುತ್ತಿದ್ದಾರೆ. ತಡೆಯಲು ನಾನೇನು ಒಣಗಬೇಕಾದ ಅಂಟೇ? ನಿಮ್ಮನ್ನು ಮದುವೆಯಾಗಲು ಕೇಳಿರುವ ಔಷಧಿ ಅಂಗಡಿಯವರಿಗೆ ಈ ವಾರ ಉತ್ತರ ಹೇಳುತ್ತೀರೆಂದು ಅಪ್ಪ ಬರೆದಿದ್ದರು. ಒಳ್ಳೆಯವರು, ನಿಜ. ಅಪ್ಪನೇ ಮುಂದೆ ನಿಂತಿದ್ದಾರೆ, ಅದೂ ನಿಜ. ಆದರೂ ಹೂಂ ಅನ್ನಬೇಡಿ. ನನ್ನಾಣೆ!

ನಿಮ್ಮ
ಚಿನಕುರುಳಿ


ಮಾರ್ಚ್ ೨೧, ಶುಕ್ರವಾರ

ಅತ್ತಿಗೆ,

ನಿಮ್ಮ ಕಾಗದ ಹೋದ ವಾರವೇ ಬಂತು. ಈ ಸಲ ಉತ್ತರ ತಡವಾದದ್ದಕ್ಕೆ ಸುಖ ಕಾರಣವಲ್ಲ. ನೀವು ಆಗುವುದಿಲ್ಲ ಎಂದದ್ದು, ಔಷಧಿ ಅಂಗಡಿಯವರು ಎದ್ದು, ಕೊಡೆಯನ್ನೂ ಮರೆತು ಹೋದದ್ದು, ಅಪ್ಪ ಅಣ್ಣನ ಕೆಲಸದ ಮೇಜಿನಿಂದ ಡಬ್ಬಗಳನ್ನೆಲ್ಲ ಇಳಿಸಿ, ಒರೆಸಿ, “ಬರ್ಲಿ, ನಾನೇನೂ ಅನ್ನಲ್ಲ” ಎಂದದ್ದು, ಎಲ್ಲ ಓದಿ ಮಡಿಸಿಟ್ಟೆ. ಮತ್ತೆ ತೆಗೆಯುವ ಧೈರ್ಯ ಬರಲಿಲ್ಲ.

ಗುಜರಿಯವನು ಹೇಳಿದ ಜಾಗಕ್ಕೆ ಹೋಗಿದ್ದೆವು. ಹಣ್ಣು ತುಂಬುವ ಪೆಟ್ಟಿಗೆ ಮಾಡುವ ಶೆಡ್ಡು. ಒಳಗೆಲ್ಲ ಮಿಷಿನ್ನಿನ ಗದ್ದಲ. ಹಿಂಬಾಗಿಲ ಹತ್ತಿರ ಒಬ್ಬರು ನಮಗೆ ಬೆನ್ನು ಹಾಕಿ ಕೂತು ಉಳಿಗೆ ಸಾಣೆ ಹಿಡಿಯುತ್ತಿದ್ದರು. ಎರಡು ಸಲ ಉದ್ದಕ್ಕೆ, ಒಂದು ಸಲ ಗಿಡ್ಡಕ್ಕೆ, ಆಮೇಲೆ ಬೆರಳಿಂದ ನೀರು ಚಿಮುಕಿಸಿ ಎಡಭುಜ ತಗ್ಗಿಸುವುದು. ಆ ಸದ್ದಿಗೆ ನಾನೂ ನೀವೂ ಎಷ್ಟು ಬೆಳಗು ಎದ್ದಿಲ್ಲ! “ಅಣ್ಣಾ” ಎಂದು ಕೂಗಿಕೊಂಡು ಓಡಿದೆ.

ತಿರುಗಿದರು. ಯಾರೋ. ಅಪ್ಪನ ವಯಸ್ಸಿನವರು.

“ಯಾರು ಬೇಕಿತ್ತಮ್ಮ?”

ಹಿಂದೆಯೇ ಬಂದ ಇವರು ಉಜ್ಜುಗೊರಡನ್ನು ತೆಗೆದು ತೋರಿಸಿದರು.

“ನಾನೇ ಮಾರಿದ್ದು. ಮಿಷಿನ್ ಬಂದ್ಮೇಲೆ ಇದಕ್ಕೇನು ಕೆಲ್ಸ? ಮೊಂಡು ಮಾಡಿ ಕೊಡೋಕೆ ಮನಸ್ಸಾಗ್ಲಿಲ್ಲ, ಸಾಣೆ ಹಿಡ್ದು ಕೊಟ್ಟೆ.”

“ನೀವು ಬಲಗೈಯವ್ರು. ಎಡಕ್ಕೆ ಯಾಕೆ ವಾಲಿಸ್ತೀರಿ?” ಎಂದರು ಇವರು.

“ಹೇಳ್ಕೊಟ್ಟೋನು ಹಾಗೇ ಹೇಳ್ಕೊಟ್ಟ. ನಾನು ಗೋಡೆಗೆ ಸುಣ್ಣ ಹೊಡೀತಿದ್ದೋನು, ನಂಗೇನು ಗೊತ್ತು ಸರಿ ತಪ್ಪು?”

ಹೇಳಿಕೊಟ್ಟವನು ಹೋಗಿ ಎರಡು ವರ್ಷವಾಯಿತು, ಅತ್ತಿಗೆ. ಮರದ ಧೂಳು ಎದೆಗಿಳಿದು ಕೆಮ್ಮು. ಶೆಡ್ಡಿನ ಪಕ್ಕದ ಒಂದೇ ಕೋಣೆಯಲ್ಲಿ ಅಣ್ಣನೂ ಅವರೂ ಇದ್ದರಂತೆ. ಆಸ್ಪತ್ರೆಗೆ ಸೇರಿಸಿದವರು ಅವರೇ, ಕೊನೆಗೆ ಹೊತ್ತವರೂ ಅವರೇ. ಅಲ್ಲಿ ಎಲ್ಲರೂ ಅವನನ್ನು ಎಡಚ ಎಂದಷ್ಟೇ ಕರೆಯುತ್ತಿದ್ದರು. ಹೆಂಡತಿ ಇದ್ದಾಳೆಂದು ಹೇಳಿದ್ದನಂತೆ. ಊರು ಯಾವುದೆಂದು ಹೇಳಿರಲಿಲ್ಲ.

ವಾಪಸು ಬರುವಾಗ ಇವರು, “ಸಾಣೆ ಹೊಸದು ಅಂತ ಬಾಯಿ ಬಿಟ್ಟಿದ್ದು ನಾನೇ” ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಕೂತು ಉಜ್ಜುಗೊರಡಿನ ತಳ ಮಟ್ಟ ಮಾಡಿ ಎಣ್ಣೆ ಕುಡಿಸಿದರು. ಹಿಡಿಗೆ ಅಂಟಿದ್ದ ಕರಿಜಿಡ್ಡನ್ನು ಉಜ್ಜಲಿಲ್ಲ. ಅಲಗಿನ ಎಡಮೂಲೆಯನ್ನು ನೇರ ಮಾಡಲೂ ಇಲ್ಲ. “ಇದು ಹೀಗೇ ಇರ್ಲಿ, ಅಪ್ಪನಿಗೆ ಕೊಡು” ಎಂದರು. ಅಪ್ಪನಿಗೆ ನಾನು ಬರುವವರೆಗೆ ಏನೂ ಹೇಳಬೇಡಿ. ಆ ಮೇಜನ್ನು ಇನ್ನೆರಡು ದಿನ ಒರೆಸಿಕೊಂಡಿರಲಿ.

ಚಿಕ್ಕವಳು, ನಿಮ್ಮ ಆಶೀರ್ವಾದ ಬೇಡಬೇಕು. ಬೇಡಲು ಮುಖವಿಲ್ಲ. ನೀವು ಬೈದರೆ ಅದನ್ನೇ ಆಶೀರ್ವಾದವೆಂದುಕೊಳ್ಳುತ್ತೇನೆ.

ನಿಮ್ಮ
ನಾದಿನಿ

ಬರೆಯದೆ ಬಿಡಬೇಕೆಂದಿದ್ದ ಮಾತು: ಕೊನೆಯಲ್ಲಿ ಏನಾದರೂ ಹೇಳಿದನೇ ಎಂದು ಶೆಡ್ಡಿನ ಆ ಹಿರಿಯರನ್ನು ಕೇಳಿದೆ. “ಮನೆಗೆ ತಿಳಿಸ್ಲೇನೋ ಅಂದೆ. ಬೇಡ ಅಂದ. ಸಿಟ್ಟು ಮಾಡ್ಕೊಂಡು ಎಲ್ಲೋ ಇದಾನೆ ಅಂತಾನೇ ಅಂದ್ಕೊಂಡಿರ್ಲಿ, ನಂಗೋಸ್ಕರ ಕಾಯೋರು ಒಬ್ರಾದ್ರೂ ಇರ್ತಾರೆ ಅಂದ” ಎಂದರು. ಅತ್ತಿಗೆ, ಸತ್ತ ಮೇಲೂ ಎರಡು ವರ್ಷ ನಿಮ್ಮನ್ನು ಕಾಯಿಸಿದವನು ಅವನು. ಈ ಹದಿನೆಂಟು ದಿನ ಕಾಯಿಸಿದವಳು ನಾನು. ಔಷಧಿ ಅಂಗಡಿಯವರ ಆ ಕೊಡೆಯನ್ನು ಯಾರ ಕೈಯಲ್ಲೂ ಕಳಿಸಿಬಿಡಬೇಡಿ, ನೀವೇ ಕೊಡಿ. ಅಣ್ಣನ ಸುದ್ದಿಯನ್ನು ಎದುರಿಗೆ ಕೂತೇ ಹೇಳೋಣವೆಂದಿದ್ದೆ. ಆದರೆ ನಾನು ಗಾಡಿಯಿಂದ ಇಳಿಯುವಾಗ ನೀವು ನನ್ನ ಬೆನ್ನ ಹಿಂದೆ ಇನ್ನೊಬ್ಬರನ್ನು ಹುಡುಕುವುದನ್ನು ನೋಡಲಾರೆ. ಸೋಮವಾರ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬರುತ್ತೇನೆ. ಒಬ್ಬಳೇ.